ಸಿನಗಾಗ್‌ಗೆ ಕರೆದಿದ್ದಾರೆ, ಏನು ಹಾಕ್ಕೊಂಡು ಹೋಗೋದು?

ಈ ವಾರದ ಮಾತಿನಲ್ಲಿ ತಗೊಂಡಿರೋ ವಿಷಯ ಸ್ವಲ್ಪ ಬೇರೆ ಥರದ್ದು. ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ತಿದ್ದಿ, ಅಲ್ಲಿ ಸಮಯ ಸಾಲದೆ ಬಿಟ್ಟಿದ್ದನ್ನೂ ಸೇರಿಸಿ ಬರೆದಿದ್ದೀನಿ.

ನಾನಿರೋದು ಬಾಂದ್ರಾ ಪೂರ್ವದಲ್ಲಿ, ಕೆಲಸ ಬಿಕೆಸಿಯಲ್ಲಿ. ನಮ್ಮಲ್ಲಿ ಬಹಳ ಜನರಿಗೆ ಗೊತ್ತಿರೋದಿಲ್ಲ, ನಮ್ಮ ಪಕ್ಕದ ಸೀಟಿನಲ್ಲಿ ಕೂತು ಶುದ್ಧ ಮರಾಠಿ ಮಾತಾಡ್ತಾ, ಹೆಸರಿನ ಕೊನೆಗೆ 'ಕರ್' ಇಟ್ಟುಕೊಂಡಿರೋ ಸಹೋದ್ಯೋಗಿ ಯಹೂದಿಯೂ ಆಗಿರಬಹುದು ಅಂತ. ಒಂದು ದಿನ ಅವರ ಮನೆಯಲ್ಲಿ ಮದುವೆಯೋ, ಮಗನ ಬಾರ್ ಮಿಟ್ಜ್ವಾವೋ, ಅಥವಾ ತೀರಿಕೊಂಡ ಹಿರಿಯರ ಪ್ರಾರ್ಥನೆಯೋ ಇರುತ್ತೆ. 'ಸಿನಗಾಗ್‌ಗೆ ಬನ್ನಿ' ಅಂತ ಕರೀತಾರೆ. ಆಗ ತಂಡದ ವಾಟ್ಸಾಪ್ ಗುಂಪಿನಲ್ಲಿ ಮೊದಲು ಬರೋ ಪ್ರಶ್ನೆ: ಏನು ಹಾಕ್ಕೊಂಡು ಹೋಗೋದು? ತಲೆ ಮುಚ್ಚಬೇಕಾ? ಸೀರೆ ನಡೆಯುತ್ತಾ? ಕುಂಕುಮ ತೆಗೀಬೇಕಾ? ಈ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಹೇಳ್ತೀನಿ. ಬರೀ ಪಟ್ಟಿ ಕೊಟ್ಟರೆ ನಾಳೆ ಮರೆತುಹೋಗುತ್ತೆ, ಹಾಗಾಗಿ ಯಾಕೆ ಅನ್ನೋದನ್ನೂ ಸೇರಿಸಿದ್ದೀನಿ.

ಮೊದಲು, ಇವರು ಯಾರು?

ಮುಂಬೈಯ ಯಹೂದಿಗಳಲ್ಲಿ ಹೆಚ್ಚಿನವರು ಬೆನೆ ಇಸ್ರೇಲಿಗಳು. ಅಲಿಬಾಗ್ ಹತ್ತಿರದ ನವಗಾಂವ್ ತೀರದಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಬದುಕುಳಿದರು, ಅವರ ಸಂತತಿ ನಾವು ಅಂತ ಅವರು ಹೇಳಿಕೊಳ್ಳುತ್ತಾರೆ. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದರು. ಶನಿವಾರ ಮಾತ್ರ ಗಾಣ ತಿರುಗಿಸುತ್ತಿರಲಿಲ್ಲ, ಅದಕ್ಕೇ ಊರವರು ಇಟ್ಟ ಹೆಸರು 'ಶನಿವಾರ್ ತೇಲಿ'. ಊರಿನ ಹೆಸರಿಗೆ 'ಕರ್' ಸೇರಿಸಿ ಅಡ್ಡಹೆಸರು ಮಾಡಿಕೊಂಡರು: ದಿವೇಕರ್, ನವಗಾಂವ್ಕರ್, ಹೀಗೆ. ಮನೆಮಾತು ಮರಾಠಿ, ಹೆಂಗಸರ ಉಡುಗೆ ಸೀರೆ.

ಇವರ ಜೊತೆಗೆ ಬಗ್ದಾದಿ ಯಹೂದಿಗಳೂ ಇದ್ದರು, ಸಸೂನ್ ಮನೆತನದವರು. ಕಾಲಾ ಘೋಡಾದ ಡೇವಿಡ್ ಸಸೂನ್ ಗ್ರಂಥಾಲಯಕ್ಕೆ ಹೋದರೆ ಆ ಹಿರಿಯರ ಪ್ರತಿಮೆ ನೋಡಬಹುದು: ತಲೆಗೆ ರುಮಾಲು, ಮೈಗೆ ಉದ್ದನೆಯ ನಿಲುವಂಗಿ. ಅವರು ಕೊನೆವರೆಗೂ ಬಗ್ದಾದಿನ ಉಡುಪು ಬಿಡಲಿಲ್ಲ. ಅವರ ಮಗ ಅಬ್ದುಲ್ಲಾ ಹೆಸರನ್ನು ಆಲ್ಬರ್ಟ್ ಅಂತ ಬದಲಾಯಿಸಿಕೊಂಡು ಇಂಗ್ಲಿಷ್ ಉಡುಪಿಗೆ ಬಂದರು. ಒಂದೇ ಮನೆಯಲ್ಲಿ, ಒಂದೇ ತಲೆಮಾರಿನ ಅಂತರದಲ್ಲಿ, ಇಷ್ಟು ವ್ಯತ್ಯಾಸ. ಹಾಗಾಗಿ 'ಯಹೂದಿ ಉಡುಪು' ಅಂತ ಒಂದೇ ಒಂದು ಉಡುಪಿಲ್ಲ ಅನ್ನೋದನ್ನ ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ. ಇರೋದು ಒಂದು ತತ್ವ. ಪ್ರತಿ ಊರಿನವರೂ ಅದನ್ನ ತಮ್ಮೂರಿನ ಬಟ್ಟೆಯಲ್ಲೇ ಪಾಲಿಸುತ್ತಾರೆ.

ಶ್ರೀರಂಗಪಟ್ಟಣದ ನಂಟು

ನಮಗೆ ಹತ್ತಿರವಾಗೋ ಒಂದು ಕಥೆ ಹೇಳಿ ಮುಂದಕ್ಕೆ ಹೋಗ್ತೀನಿ. ಮುಂಬೈಯ ಅತಿ ಹಳೆಯ ಸಿನಗಾಗ್ ಮಸ್ಜಿದ್ ಬಂದರ್ ಕಡೆ ಇರೋ ಶಾರ್ ಹಾರಹಮೀಮ್, ಅಂದರೆ 'ಕರುಣೆಯ ಬಾಗಿಲು'. ಕಟ್ಟಿಸಿದವರು ಸ್ಯಾಮ್ಯುಯಲ್ ಎಜೆಕಿಯಲ್ ದಿವೇಕರ್, 1796ರಲ್ಲಿ. ಇವರು ಕಂಪನಿ ಸೇನೆಯಲ್ಲಿದ್ದವರು, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕಿದ್ದರು. ಇವರು ಇಸ್ರೇಲ್ ವಂಶದವರು ಅಂತ ತಿಳಿದು ಟಿಪ್ಪುವಿನ ತಾಯಿ ಜೀವ ಉಳಿಸುವಂತೆ ಮಗನಿಗೆ ಹೇಳಿದರು, ಬದುಕಿ ಊರು ಸೇರಿದರೆ ಪ್ರಾರ್ಥನಾ ಮಂದಿರ ಕಟ್ಟಿಸ್ತೀನಿ ಅಂತ ದಿವೇಕರ್ ಹರಕೆ ಹೊತ್ತರು ಅನ್ನೋದು ಬೆನೆ ಇಸ್ರೇಲಿಗಳು ತಲೆಮಾರಿನಿಂದ ಹೇಳಿಕೊಂಡು ಬಂದಿರೋ ಮಾತು. ಕಟ್ಟಡ ಈಗಿರೋ ಜಾಗಕ್ಕೆ ಬಂದಿದ್ದು 1860ರಲ್ಲಿ. ಆ ರಸ್ತೆಗೆ ಇವತ್ತಿಗೂ ಸ್ಯಾಮ್ಯುಯಲ್ ಸ್ಟ್ರೀಟ್ ಅಂತಲೇ ಹೆಸರು. ಬಾಂದ್ರಾದಿಂದ ಹಾರ್ಬರ್ ಲೈನಿನಲ್ಲಿ ಸಿಎಸ್‌ಎಂಟಿ ಗಾಡಿ ಹತ್ತಿ ಮಸ್ಜಿದ್ ಸ್ಟೇಷನ್‌ನಲ್ಲಿ ಇಳಿದರೆ ಸಾಕು, ಎಲ್ಲೂ ಗಾಡಿ ಬದಲಿಸಬೇಕಿಲ್ಲ.

ಉಳಿದ ಮುಖ್ಯ ಜಾಗಗಳು: ಭಾಯ್ಖಳಾದಲ್ಲಿ ಸಸೂನರು ಕಟ್ಟಿಸಿದ ಮಾಗೇನ್ ಡೇವಿಡ್ (1864), ಕಾಲಾ ಘೋಡಾದಲ್ಲಿ ಕೆನೆಸೆತ್ ಎಲಿಯಾಹೂ (1884), ಆಗ್ರಿಪಾಡಾದಲ್ಲಿ ಮಾಗೇನ್ ಹಸ್ಸಿದೀಮ್ (1931), ಠಾಣೆಯಲ್ಲಿ ಶಾರ್ ಹಶಮಾಯಿಮ್ (1879).

'ತ್ಸ್ನಿಯೂತ್' ಅಂದರೇನು?

ಉಡುಪಿನ ನಿಯಮಗಳ ಹಿಂದಿರೋ ಹೀಬ್ರೂ ಪದ ತ್ಸ್ನಿಯೂತ್. ಸಾಮಾನ್ಯವಾಗಿ 'ಮೈ ಮುಚ್ಚುವ ಬಟ್ಟೆ' ಅಂತ ಅರ್ಥ ಮಾಡಿಕೊಳ್ತಾರೆ. ಆದರೆ ಆ ಪದದ ಬೇರು ಬರೋದು ಮೀಕಾ ಪ್ರವಾದಿಯ ಗ್ರಂಥದಲ್ಲಿ. ಅಲ್ಲಿ ಬಟ್ಟೆಯ ಮಾತೇ ಇಲ್ಲ, ಇರೋದು ದೇವರ ಜೊತೆ ವಿನಯದಿಂದ ನಡೆಯೋ ಮಾತು. ನಮ್ಮ ಭಾಷೆಯಲ್ಲಿ ಹತ್ತಿರದ ಪದ ಹುಡುಕಿದರೆ 'ಮಡಿ' ಅಲ್ಲ. ಮಡಿ ಅಂದರೆ ಶುದ್ಧಿ, ಮೈಲಿಗೆ ಲೆಕ್ಕ. ತ್ಸ್ನಿಯೂತ್‌ಗೆ ಹತ್ತಿರ ಬರೋದು 'ಮರ್ಯಾದೆ' ಅಥವಾ 'ತಗ್ಗಿ ಬಗ್ಗಿ ನಡೆಯೋದು'. ನೀವು ಸ್ನಾನ ಮಾಡಿ ಬಂದಿದೀರಾ, ಏನು ತಿಂದು ಬಂದಿದೀರಾ ಅಂತ ಯಾರೂ ಕೇಳಲ್ಲ. ನೋಡಿ ಅಂತ ಕೂಗೋ ಬಟ್ಟೆ ಬೇಡ, ಅಷ್ಟೇ.

ಹೋಲಿಕೆಗೆ ನಮ್ಮ ಧರ್ಮಸ್ಥಳವನ್ನೇ ತಗೊಳ್ಳಿ. ಅಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗ್ತಾರೆ. ಇಲ್ಲಿ ಗಂಡಸರು ತಲೆ ಮುಚ್ಚಿ ಒಳಗೆ ಹೋಗ್ತಾರೆ. ಒಂದು ಕಡೆ ತೆಗೆಯೋದು ವಿನಯ, ಇನ್ನೊಂದು ಕಡೆ ಹೊದೆಯೋದು ವಿನಯ.

ಗಂಡಸರಿಗೆ

ತಲೆ ಮುಚ್ಚಲೇಬೇಕು. ಚಿಕ್ಕ ದುಂಡು ಟೋಪಿಗೆ ಕಿಪ್ಪಾ ಅಂತಾರೆ. ಬಾಗಿಲ ಹತ್ತಿರ ಬಂದವರಿಗಾಗಿಯೇ ಕೆಲವು ಇಟ್ಟಿರುತ್ತಾರೆ, ತಗೊಂಡು ಹಾಕ್ಕೊಳ್ಳಿ, ಹೋಗೋವಾಗ ವಾಪಸ್ ಇಡಿ. ಸಿಗದಿದ್ದರೆ ಯಾವ ಸಾದಾ ಟೋಪಿಯಾದರೂ ನಡೆಯುತ್ತೆ, ಕರವಸ್ತ್ರ ಕಟ್ಟಿದರೂ ಸರಿ. ಐಪಿಎಲ್ ತಂಡದ ಕ್ಯಾಪ್ ಮಾತ್ರ ಬ್ಯಾಗಲ್ಲೇ ಇರಲಿ.

ಗಂಡಸರು ತಲೆ ಮುಚ್ಚಬೇಕು ಅನ್ನೋ ಆಜ್ಞೆ ತೋರಾದಲ್ಲಿಲ್ಲ. ರಬ್ ಹೂನಾ ಅನ್ನೋ ಗುರು ಬರಿದಲೆಯಲ್ಲಿ ನಾಲ್ಕು ಮೊಳವೂ ನಡೆಯುತ್ತಿರಲಿಲ್ಲ, ತಲೆಯ ಮೇಲೆ ದೇವರ ಸಾನ್ನಿಧ್ಯ ಇದೆ ಅಂತ, ಅನ್ನೋ ಪ್ರಸಂಗ ತಾಲ್ಮುದ್‌ನಲ್ಲಿ ಬರುತ್ತೆ. ಒಬ್ಬರ ಅಭ್ಯಾಸ ಕಾಲಕ್ರಮದಲ್ಲಿ ಎಲ್ಲರ ಪದ್ಧತಿಯಾಯಿತು. ಕಿಪ್ಪಾ ಹಾಕ್ಕೊಂಡರೆ ನಾನು ಅವರ ಮತಕ್ಕೆ ಸೇರಿದ ಹಾಗೆ ಆಗುತ್ತಾ ಅಂತ ಕೆಲವರು ಕೇಳ್ತಾರೆ. ಇಲ್ಲ. ಗುರುದ್ವಾರದಲ್ಲಿ ತಲೆಗೆ ಬಟ್ಟೆ ಕಟ್ಟಿದ ಹಾಗೆ ಇದೂ ಅತಿಥಿಯ ಮರ್ಯಾದೆ, ಅಷ್ಟೇ.

ಆದರೆ ಮೂಲೆಗಳಲ್ಲಿ ಗಂಟು ಹಾಕಿದ ದಾರಗಳಿರೋ ಪ್ರಾರ್ಥನೆಯ ಶಾಲು ಕಂಡರೆ ಅದನ್ನ ಹೊದೆಯಬೇಡಿ. ಅದಕ್ಕೆ ತಲ್ಲಿತ್ ಅಂತ ಹೆಸರು. ಆ ದಾರಗಳು ಅವರು ಪಾಲಿಸಬೇಕಾದ ಆಜ್ಞೆಗಳ ನೆನಪಿಗೆ ಇರೋವು, ನಮ್ಮ ಜನಿವಾರದಷ್ಟೇ ಸ್ವಂತದ ವಸ್ತು. ಟೋಪಿ ಅತಿಥಿಗೂ ಉಂಟು, ಶಾಲು ಅವರಿಗೆ ಮಾತ್ರ. ಇಷ್ಟು ನೆನಪಿಟ್ಟರೆ ಸಾಕು.

ಉಳಿದಂತೆ ಪ್ಯಾಂಟು, ತೋಳಿರೋ ಅಂಗಿ, ಅಥವಾ ಕುರ್ತಾ. ಬರ್ಮುಡಾ ಬೇಡ, ಬರಹ ಇರೋ ಟಿ-ಶರ್ಟ್ ಬೇಡ. ಕುತ್ತಿಗೆಗೆ ನೇತಾಡೋ ಕಂಪನಿ ಐಡಿ ಕಾರ್ಡ್ ತೆಗೆದು ಜೇಬಿಗೆ ಹಾಕ್ಕೊಳ್ಳಿ.

ಹೆಂಗಸರಿಗೆ

ಸಾಂಪ್ರದಾಯಿಕ ಸಿನಗಾಗ್‌ಗಳ ಲೆಕ್ಕ ಸರಳ: ತೋಳು ಮೊಣಕೈ ತನಕ, ಉಡುಪು ಮೊಣಕಾಲು ದಾಟಿ, ಕೊರಳ ಹತ್ತಿರ ತುಂಬಾ ಇಳಿದಿರಬಾರದು. ಇದನ್ನ ಕೇಳಿದ ತಕ್ಷಣ ಫ್ರಾಕು, ಸ್ಕರ್ಟು ಅಂತ ಹುಡುಕಿಕೊಂಡು ಹಿಲ್ ರೋಡಿಗೆ ಓಡಬೇಡಿ. ಸಲ್ವಾರ್ ಕಮೀಜ್ ಮತ್ತು ಒಂದು ದುಪಟ್ಟಾ ಇದ್ದರೆ ಮುಂಬೈಯಲ್ಲಿ ಎಲ್ಲೂ ತೊಂದರೆಯಿಲ್ಲ. ಹತ್ತಿ ದುಪಟ್ಟಾ ತಗೊಳ್ಳಿ. ಶಿಫಾನ್ ಆದರೆ ತಲೆ ಮೇಲೆ ನಿಲ್ಲಲ್ಲ, ಪ್ರಾರ್ಥನೆಯುದ್ದಕ್ಕೂ ಅದನ್ನ ಸರಿಮಾಡೋದೇ ಕೆಲಸ ಆಗುತ್ತೆ.

ಸೀರೆಯ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ಬೆನೆ ಇಸ್ರೇಲಿ ಹೆಂಗಸರು ತಲೆಮಾರುಗಳಿಂದ ಸೀರೆಯುಟ್ಟೇ ಸಿನಗಾಗ್‌ಗೆ ಹೋಗಿದ್ದಾರೆ. ಮದುವೆಯಾದ ಹೆಂಗಸು ಕೂದಲು ಮುಚ್ಚಬೇಕು ಅನ್ನೋದು ಯಹೂದಿ ಸಂಪ್ರದಾಯ. ಯುರೋಪಿನವರು ಅದಕ್ಕೆ ಟೋಪಿ, ವಿಗ್ ಹಾಕಿದರೆ ಇಲ್ಲಿಯವರಿಗೆ ಸೆರಗೇ ಸಾಕಾಯಿತು. ನಮ್ಮ ಹುಬ್ಬಳ್ಳಿ ಕಡೆಯ ಅಜ್ಜಿಯರು ಹಿರಿಯರ ಮುಂದೆ ತಲೆ ಮೇಲೆ ಸೆರಗು ಎಳ್ಕೊಳ್ಳೋದು ಹೇಗೋ, ನೋಡೋಕೆ ಹಾಗೇ. ನೀವು ಗಮನಿಸಬೇಕಾದ್ದು ಕುಪ್ಪಸ ಮತ್ತು ಸೊಂಟ. ನಮ್ಮಲ್ಲಿ ಸೀರೆ ಅಂದರೇನೇ ಮರ್ಯಾದೆಯ ಉಡುಪು, ಸೊಂಟ ಕಾಣೋದು ಯಾರ ಗಮನಕ್ಕೂ ಬರಲ್ಲ. ಅಲ್ಲಿ ಅದು ಕಾಣುತ್ತೆ. ತೋಳಿರೋ ಕುಪ್ಪಸ ಹಾಕಿ, ಸೆರಗನ್ನ ಬೆನ್ನ ಹಿಂದಿನಿಂದ ಬಲಭುಜದ ಮೇಲೆ ತಂದು ಹೊದ್ದುಕೊಂಡರೆ ಎರಡೂ ಸರಿಯಾಗುತ್ತೆ. ಒಂದು ಪಿನ್ನು ಇಟ್ಟುಕೊಂಡಿರಿ.

ಮದುವೆಯಾಗದವರು ತಲೆ ಮುಚ್ಚಬೇಕಾ? ಅವರ ನಿಯಮದ ಪ್ರಕಾರ ಕಡ್ಡಾಯವಿಲ್ಲ. ಆದರೆ ಊರಿನ ರೂಢಿ ಬೇರೆ ಇರಬಹುದು. ದುಪಟ್ಟಾ ಜೊತೆಗಿರಲಿ, ಪಕ್ಕದವರನ್ನ ನೋಡಿ ಮಾಡಿ. ಕುಂಕುಮ, ಬಳೆ, ತಾಳಿ ಯಾವುದನ್ನೂ ತೆಗೆಯಬೇಕಿಲ್ಲ. ಬೆನೆ ಇಸ್ರೇಲಿ ಹೆಂಗಸರೇ ಮಂಗಳಸೂತ್ರ ಹಾಕ್ಕೊಳ್ಳೋ ರೂಢಿ ಇತ್ತು.

ಪ್ಯಾಂಟು, ಜೀನ್ಸ್? ಗಂಡಿನ ಉಡುಪನ್ನ ಹೆಣ್ಣು, ಹೆಣ್ಣಿನ ಉಡುಪನ್ನ ಗಂಡು ಧರಿಸಬಾರದು ಅನ್ನೋ ನಿಯಮ ಧರ್ಮೋಪದೇಶಕಾಂಡದಲ್ಲಿದೆ. ಕಟ್ಟುನಿಟ್ಟಿನವರು ಅದರ ಆಧಾರದ ಮೇಲೆ ಹೆಂಗಸರ ಪ್ಯಾಂಟನ್ನು ಒಪ್ಪಲ್ಲ. ಸಲ್ವಾರ್ ನಮ್ಮ ದೇಶದಲ್ಲಿ ಹೆಣ್ಣಿನ ಉಡುಪೇ ಆದ್ದರಿಂದ ಆ ಪ್ರಶ್ನೆ ಏಳಲ್ಲ. ಜೀನ್ಸ್ ಬೇಡ ಅನ್ನೋದು ನನ್ನ ಸಲಹೆ.

ಇನ್ನೊಂದು ಚಿಕ್ಕ ವಿಷಯ. ಹಳೆಯ ಸಿನಗಾಗ್‌ಗಳಲ್ಲಿ ಹೆಂಗಸರು ಕೂರೋದು ಮಹಡಿಯ ಗ್ಯಾಲರಿಯಲ್ಲಿ. ಮೆಟ್ಟಿಲು ಹತ್ತಬೇಕು, ಕೆಳಗಿನಿಂದ ಜನ ಮೇಲೆ ನೋಡ್ತಾರೆ. ಉಡುಪಿನ ಉದ್ದ ಅಳೆಯೋವಾಗ ಇದು ನೆನಪಿರಲಿ.

'ನಾನ್ಯಾಕೆ ತಲೆ ಮುಚ್ಚಬೇಕು?'

ಈ ಪ್ರಶ್ನೆಯನ್ನ ನಮ್ಮ ತಂಡದ ಹುಡುಗಿಯೊಬ್ಬಳು ನೇರವಾಗಿ ಕೇಳಿದಳು. 'ಅಕ್ಕಾ, ಊರಲ್ಲಿ ಅತ್ತೆ ಮನೆಯ ಸೆರಗಿನ ಕಾಟ ತಪ್ಪಿಸಿಕೊಂಡು ಮುಂಬೈಗೆ ಬಂದಿದೀನಿ, ಇಲ್ಲೂ ಅದೇನಾ?' ಅಂದಳು. ಈ ಮಾತನ್ನ ತಳ್ಳಿಹಾಕೋಕಾಗಲ್ಲ. ನಿಯಮದ ಪಟ್ಟಿ ಹೆಂಗಸರಿಗೇ ಉದ್ದ ಇದೆ ಅನ್ನೋದು ನಿಜ. ಈ ಜಗಳ ಯಹೂದಿಗಳ ಒಳಗೇ ಬಹಳ ಕಾಲದಿಂದ ನಡೆದಿದೆ.

ಇದಕ್ಕೆ ಸಂಬಂಧಪಟ್ಟ ಒಬ್ಬರ ಹೆಸರು ನಮಗೆಲ್ಲ ಗೊತ್ತಿರಬೇಕು: ಡಾ. ಜೆರುಷಾ ಝಿರಾಡ್. ಬೆನೆ ಇಸ್ರೇಲಿ ಮನೆಯವರು, ಹುಟ್ಟಿದ್ದು 1890ರಲ್ಲಿ ನಮ್ಮ ಶಿವಮೊಗ್ಗದಲ್ಲಿ. ಲಂಡನ್ನಿನಲ್ಲಿ ಓದಿ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಎಂ.ಡಿ. ಪಡೆದರು. ಮುಂಬೈಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿ ವರ್ಷಗಟ್ಟಲೆ ದುಡಿದರು. 1966ರಲ್ಲಿ ಪದ್ಮಶ್ರೀ ಬಂತು. ಇವರೇ ಮುಂದೆ ನಿಂತು 1925ರಲ್ಲಿ ಮುಂಬೈಯಲ್ಲಿ ಜ್ಯೂಯಿಷ್ ರಿಲಿಜಿಯಸ್ ಯೂನಿಯನ್ ಕಟ್ಟಿದರು. ಅದರಿಂದ ಬಂದಿದ್ದೇ ರೋಡೆಫ್ ಶಾಲೋಮ್ ಅನ್ನೋ ಪ್ರಗತಿಪರ ಸಿನಗಾಗ್. ಈ ಪಂಥದಲ್ಲಿ ಗಂಡು ಹೆಣ್ಣು ಒಟ್ಟಿಗೆ ಕೂರ್ತಾರೆ, ಉಡುಪಿನ ಕಟ್ಟುಪಾಡೂ ಸಡಿಲ. ಅಂದರೆ ಬದಲಾವಣೆ ಬೇಕು ಅಂದವರು ಒಳಗಿನವರೇ, ಅದನ್ನ ಮಾಡಿದವರೂ ಅವರೇ.

ಅದಕ್ಕೇ ನಾನು ಆ ಹುಡುಗಿಗೆ ಹೇಳಿದ್ದು ಇಷ್ಟು. ಅತ್ತೆ ಮನೆಯ ಸೆರಗು ದಿನಾ ಹೊರಬೇಕಾದ್ದು, ಬೇಡ ಅಂದರೆ ಬೆಲೆ ತೆರಬೇಕಾದ್ದು. ಇದು ಒಂದು ಗಂಟೆಯದ್ದು, ನೀನಾಗಿ ಒಪ್ಪಿ ಹೊದೆಯೋದು. ಒಪ್ಪಿಗೆ ಇಲ್ಲದಿದ್ದರೆ ಹೊರಗೆ ನಿಂತು ಮಾತಾಡಿಸಿ ಬಾ, ಅವರೂ ಬೇಜಾರು ಮಾಡ್ಕೊಳ್ಳಲ್ಲ. ಅವಳು ಯೋಚನೆ ಮಾಡಿ ಬಂದಳು, ದುಪಟ್ಟಾ ತಂದಿದ್ದಳು. ಬರದೇ ಇದ್ದಿದ್ದರೂ ಅವಳ ಪ್ರಶ್ನೆ ಸರಿಯಾದದ್ದೇ ಆಗಿರ್ತಿತ್ತು.

ಯಾವ ಸಂದರ್ಭಕ್ಕೆ ಏನು?

ಶುಕ್ರವಾರ ಸಂಜೆ, ಶನಿವಾರ: ಶುಕ್ರವಾರ ಸೂರ್ಯ ಮುಳುಗುತ್ತಿದ್ದಂತೆ ಶಬ್ಬತ್ ಶುರು. ಹಬ್ಬದ ಮನೆಗೆ ಹೋಗೋ ಹಾಗೆ ಒಗೆದು ಇಸ್ತ್ರಿ ಮಾಡಿದ ಬಟ್ಟೆ. ಫೋನ್ ಬಂದ್ ಮಾಡಿ, ಫೋಟೋ ಬೇಡವೇ ಬೇಡ. ಶಬ್ಬತ್ ದಿನ ದುಡ್ಡು ಮುಟ್ಟೋದಿಲ್ಲ, ಆದ್ದರಿಂದ ಮುಯ್ಯಿ, ಕವರು, ಉಡುಗೊರೆ ಏನಿದ್ದರೂ ಬೇರೆ ದಿನ ಮನೆಗೆ ತಲುಪಿಸಿ.

ಮದುವೆ: ಶಬ್ಬತ್ ದಿನ ಮದುವೆ ನಡೆಯಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ಸ್ವಾತಂತ್ರ್ಯ ಜಾಸ್ತಿ. ಮೈಸೂರು ರೇಷ್ಮೆ, ಇಳಕಲ್, ಏನಿದೆಯೋ ಉಡಿ. ಬೆನೆ ಇಸ್ರೇಲಿ ಮದುಮಗಳು ಸಾಂಪ್ರದಾಯಿಕವಾಗಿ ಬಿಳಿ ಸೀರೆ ಉಡ್ತಾಳೆ, ಆದ್ದರಿಂದ ಪೂರ್ತಿ ಬಿಳಿ ಸೀರೆಯನ್ನ ಅವಳಿಗೇ ಬಿಡಿ. ಹಿಂದಿನ ದಿನದ ಮೆಹಂದಿಗೆ ಕರೆದರೆ ತಪ್ಪಿಸಿಕೊಳ್ಳಬೇಡಿ.

ಯೋಮ್ ಕಿಪ್ಪೂರ್: ವರ್ಷದ ಅತಿ ಗಂಭೀರ ದಿನ, ಉಪವಾಸ, ಪಶ್ಚಾತ್ತಾಪ. ಬಹಳ ಜನ ಬಿಳಿ ಬಟ್ಟೆಯಲ್ಲಿರ್ತಾರೆ. ಚರ್ಮದ ಪಾದರಕ್ಷೆ ಹಾಕುವಂತಿಲ್ಲ, ಹಾಗಾಗಿ ಬಿಳಿ ಕುರ್ತಾ ಕೆಳಗೆ ಕ್ಯಾನ್ವಾಸ್ ಶೂ ಕಂಡರೆ ಆಶ್ಚರ್ಯ ಬೇಡ. ನೀವೂ ಚರ್ಮದ್ದು ಬಿಟ್ಟು ಹೋದರೆ ಅವರಿಗೆ ಸಂತೋಷ.

ಸಾವಿನ ಮನೆ: ಕಪ್ಪು ಬಟ್ಟೆ ಬೇಕು ಅಂತ ಸಿನಿಮಾ ನೋಡಿ ಅಂದುಕೊಂಡಿರ್ತೀವಿ. ಕಡ್ಡಾಯವಿಲ್ಲ, ಸಾದಾ ಬಟ್ಟೆ ಸಾಕು. ಅಂತ್ಯಕ್ರಿಯೆ ಆದಷ್ಟು ಬೇಗ ಮಾಡ್ತಾರೆ. ಆಮೇಲೆ ಏಳು ದಿನ ಮನೆಯವರು ಶೋಕದಲ್ಲಿ ಕೂರ್ತಾರೆ. ಅವರ ಅಂಗಿ ಎದೆಯ ಹತ್ತಿರ ಹರಿದಿದ್ದರೆ 'ಸಾರ್, ಅಂಗಿ ಹರಿದಿದೆ' ಅಂತ ಹೇಳಬೇಡಿ. ಅದು ಬೇಕಂತಲೇ ಹರಿದದ್ದು, ದುಃಖದ ಗುರುತು. ಹೂವಿನ ಹಾರ ಒಯ್ಯೋ ಮುಂಚೆ ಕೇಳಿ. ಗಂಡಸರಿಗೆ ಇಲ್ಲೂ ಟೋಪಿ ಬೇಕು.

ಬಾಗಿಲಲ್ಲಿ ಪೊಲೀಸ್ ಯಾಕೆ?

2008ರ ನವೆಂಬರ್ ದಾಳಿಯಲ್ಲಿ ಕೊಲಾಬಾದ ನರಿಮನ್ ಹೌಸ್‌ಗೆ ನುಗ್ಗಿದ ಉಗ್ರರು ರಬ್ಬಿ ಗೇವ್ರಿಯೆಲ್ ಹೋಲ್ಟ್ಸ್‌ಬರ್ಗ್, ಅವರ ಹೆಂಡತಿ ರಿವ್ಕಾ ಸೇರಿ ಆರು ಜನರನ್ನ ಕೊಂದರು. ಅಂದಿನಿಂದ ಯಹೂದಿ ಜಾಗಗಳ ಮುಂದೆ ಕಾವಲು ಬಿಗಿಯಾಗಿದೆ. ಕರೆದವರಿಗೆ ನಿಮ್ಮ ಹೆಸರುಗಳನ್ನ ಮೊದಲೇ ಕಳಿಸಿ, ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಇಟ್ಟುಕೊಳ್ಳಿ, ಲ್ಯಾಪ್‌ಟಾಪ್ ಬ್ಯಾಗನ್ನ ಆಫೀಸಲ್ಲೇ ಬಿಟ್ಟು ಹೋಗಿ. ಬ್ಯಾಗ್ ತೆರೆಸಿ ನೋಡಿದರೆ ಅವಮಾನ ಅಂದುಕೊಳ್ಳಬೇಡಿ.

ಅಮೆರಿಕ, ಇಸ್ರೇಲ್‌ನಲ್ಲಿರೋರಿಗೆ

ನ್ಯೂಜೆರ್ಸಿಯಿಂದ, ಟೆಲ್ ಅವೀವ್‌ನಿಂದ ನೋಡೋರು ಇದ್ದೀರಿ. ಅಮೆರಿಕದಲ್ಲಿ ಮಗುವಿನ ಕ್ಲಾಸ್‌ಮೇಟ್ ಬಾರ್ ಮಿಟ್ಜ್ವಾಗೆ ಕರೆ ಬಂದರೆ ಮೊದಲು ಅದು ರಿಫಾರ್ಮ್, ಕನ್ಸರ್ವೇಟಿವ್, ಆರ್ಥೊಡಾಕ್ಸ್ ಯಾವುದು ಅಂತ ಕೇಳಿ. ರಿಫಾರ್ಮ್ ಆದರೆ ಗಂಡು ಹೆಣ್ಣು ಒಟ್ಟಿಗೆ ಕೂರ್ತಾರೆ, ಆಫೀಸಿನ ಫಾರ್ಮಲ್ಸ್ ಸಾಕು. ಆರ್ಥೊಡಾಕ್ಸ್ ಆದರೆ ಮೇಲೆ ಹೇಳಿದ್ದೆಲ್ಲ ಅನ್ವಯ. ಜೆರುಸಲೇಮಿನ ಪಶ್ಚಿಮ ಗೋಡೆಯ ಹತ್ತಿರ ಗಂಡಸರಿಗೆ ಟೋಪಿ, ಹೆಂಗಸರಿಗೆ ಭುಜ, ಕಾಲು ಮುಚ್ಚುವ ಬಟ್ಟೆ ಬೇಕು. ಮೇಯಾ ಶೆಯಾರೀಮ್ ಬಡಾವಣೆಯಲ್ಲಿ ಬೀದಿಯಲ್ಲೇ ಉಡುಪಿನ ಬಗ್ಗೆ ಫಲಕ ಹಾಕಿದ್ದಾರೆ.

ಕೊನೆಗೆ, ಇದೆಲ್ಲ ಯಾಕೆ ಮುಖ್ಯ?

1948ರ ನಂತರ ಬೆನೆ ಇಸ್ರೇಲಿಗಳಲ್ಲಿ ಬಹುಪಾಲು ಜನ ಇಸ್ರೇಲಿಗೆ ಹೋದರು. ಈಗ ಇಡೀ ಭಾರತದಲ್ಲಿ ಉಳಿದಿರೋ ಯಹೂದಿಗಳು ಸುಮಾರು ನಾಲ್ಕೈದು ಸಾವಿರ, ಅವರಲ್ಲಿ ಹೆಚ್ಚಿನವರು ಮುಂಬೈ, ಠಾಣೆ ಸುತ್ತ. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಅವರಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು. ಸಾಮೂಹಿಕ ಪ್ರಾರ್ಥನೆಗೆ ಸಾಂಪ್ರದಾಯಿಕ ಪಂಥದಲ್ಲಿ ಹತ್ತು ಜನ ವಯಸ್ಕ ಯಹೂದಿ ಗಂಡಸರು ಬೇಕು, ಅದಕ್ಕೆ ಮಿನ್ಯಾನ್ ಅಂತಾರೆ. ಹತ್ತು ಜನ ಸೇರದಿದ್ದರೆ ಸತ್ತ ತಂದೆಗಾಗಿ ಮಗ ಹೇಳೋ ಕದ್ದಿಷ್ ಪ್ರಾರ್ಥನೆಯನ್ನೂ ಹೇಳುವಂತಿಲ್ಲ.

ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡಾಗ ನಾನು ಇದನ್ನ ಕಣ್ಣಾರೆ ಕಂಡೆ. ಮಳೆಗಾಲ, ಲೋಕಲ್ ಗಾಡಿಗಳು ತಡ. ಎಂಟು ಜನ ಬಂದಿದ್ದರು, ಒಂಬತ್ತನೆಯವರು ದಾರಿಯಲ್ಲಿದ್ದರು, ಹತ್ತನೆಯವರಿಗಾಗಿ ಅವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಆಫೀಸಿನಿಂದ ಹೋದ ನಾವು ಏಳು ಜನ ಆ ಲೆಕ್ಕಕ್ಕೆ ಬರೋದಿಲ್ಲ. ಆದರೂ ಬೆಂಚುಗಳ ಮೇಲೆ ಕೂತಿದ್ದೆವು. ಕೊನೆಗೆ ಹತ್ತನೆಯವರು ಒದ್ದೆಯಾಗಿ ಬಂದರು, ಕದ್ದಿಷ್ ಆಯಿತು. ಆಮೇಲೆ ಅವರು ನಮ್ಮ ಹತ್ತಿರ ಬಂದು, 'ಅಪ್ಪ ಇದ್ದಿದ್ದರೆ ಖಾಲಿ ಬೆಂಚು ಕಾಣಲಿಲ್ಲ ಅಂತ ಖುಷಿಪಡ್ತಿದ್ದರು' ಅಂದರು. ನಮ್ಮ ತಂಡದ ಒಬ್ಬ ಹುಡುಗ ಮಾತ್ರ ಬರಲಿಲ್ಲ. ಕಾರಣ ಕೇಳಿದರೆ, ಏನು ಹಾಕ್ಕೊಂಡು ಬರಬೇಕು ಗೊತ್ತಾಗಲಿಲ್ಲ, ಕೇಳೋಕೆ ನಾಚಿಕೆ ಆಯ್ತು ಅಂದ. ಬಾಂದ್ರಾದಲ್ಲಿ ರೂಮಲ್ಲೇ ಕೂತಿದ್ದನಂತೆ.

ಈ ವಾರದ ಮಾತು ಅವನಂಥವರಿಗಾಗಿ. ತೋಳಿರೋ ಅಂಗಿ, ತಲೆಗೆ ಒಂದು ಟೋಪಿ ಅಥವಾ ದುಪಟ್ಟಾ, ಜೇಬಲ್ಲಿ ಗುರುತಿನ ಚೀಟಿ. ಇಷ್ಟಿದ್ದರೆ ಹೊರಡಿ. ಉಳಿದದ್ದು ಗೊತ್ತಾಗದಿದ್ದರೆ ಕರೆದವರನ್ನೇ ಕೇಳಿ. ಹಾಗೆ ಕೇಳಿದವರನ್ನ ಬೈದವರನ್ನ ನಾನಂತೂ ಇನ್ನೂ ನೋಡಿಲ್ಲ.

ಮುಂದಿನ ವಾರ ಬೇರೆ ವಿಷಯದೊಂದಿಗೆ ಸಿಗೋಣ. ನಮಸ್ಕಾರ.